ಹಿರಿಯ ನಾಗರಿಕರಿಗೆ ಆರೋಗ್ಯ ವಿಮೆ ಮಾಡಿಸುವ ಏಜೆಂಟ್ ಆಗಿ ಜೀವನ ಸಾಗಿಸಬಹುದೇ?

ಸಾಗಿಸಬಹುದು, ಆದರೆ ಮೊದಲ ವರ್ಷವೇ ಇದನ್ನು ನಂಬಿ ಕೈಯಲ್ಲಿರುವ ಕೆಲಸ ಬಿಡಬೇಡಿ. ಹತ್ತನೇ ತರಗತಿ ಪಾಸಾಗಿ ವಿಮಾ ಏಜೆಂಟರಿಗೆಂದೇ ಇರುವ ಐಸಿ-38 ಪರೀಕ್ಷೆ ಪಾಸು ಮಾಡಿದರೆ ಏಜೆಂಟ್ ಆಗಬಹುದು; ಕಷ್ಟ ಇರುವುದು ಆಮೇಲೆ. ಕಮಿಷನ್ ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕಕ್ಕೆ 15% ಎಂದಿಟ್ಟುಕೊಂಡರೆ 40,000 ರೂಪಾಯಿ ಪ್ರೀಮಿಯಂಗೆ ಸಿಗುವುದು 6,000. ತಿಂಗಳಿಗೆ 30,000 ಬೇಕೆಂದರೆ ವರ್ಷಕ್ಕೆ ಇಂಥ 60 ಪಾಲಿಸಿ ಬೇಕು. ನವೀಕರಣಕ್ಕೂ ಕಮಿಷನ್ ಬರುತ್ತದೆ, ಹಾಗಾಗಿ ಹಳೆಯ ಗ್ರಾಹಕರು ಉಳಿದರೆ ಮಾತ್ರ ಆದಾಯ ಗಟ್ಟಿ.

2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಯಮ ಬದಲಿಸಿದ ಮೇಲೆ 65 ದಾಟಿದವರಿಗೂ ಹೊಸ ಪಾಲಿಸಿಯ ದಾರಿ ತೆರೆದಿದೆ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 3 ವರ್ಷಕ್ಕೆ ಇಳಿದಿದೆ.

ಅರ್ಜಿ ತುಂಬುವಾಗ ಅವರ ಮಾತ್ರೆ ಡಬ್ಬಿ ತರಿಸಿ, ಒಂದೊಂದೇ ಸ್ಟ್ರಿಪ್ ನೋಡಿ ಬರೆದುಕೊಳ್ಳಿ. "ಬಿಪಿ ಸ್ವಲ್ಪ ಇದೆ, ಅದೆಲ್ಲ ಯಾಕೆ ಬರೀತೀರಿ" ಅನ್ನುವವರು ಬಹಳ. ಬರೆಯದೆ ಬಿಟ್ಟರೆ ಆಸ್ಪತ್ರೆಯಲ್ಲಿ ಮಲಗಿದಾಗ ಕ್ಲೇಮ್ ತಿರಸ್ಕಾರವಾಗಬಹುದು, ಆ ವಯಸ್ಸಿನಲ್ಲಿ ಅವರು ಎಲ್ಲಿಗೆ ಹೋಗಬೇಕು? ಕೋ-ಪೇ, ಅಂದರೆ ಬಿಲ್ಲಿನಲ್ಲಿ ಗ್ರಾಹಕರೇ ಕಟ್ಟಬೇಕಾದ ಪಾಲಿನ ವಿಷಯವನ್ನು ಮಕ್ಕಳ ಎದುರೇ ಹೇಳಿ: 20% ಇದ್ದರೆ 5 ಲಕ್ಷದ ಬಿಲ್ಲಿನಲ್ಲಿ 1 ಲಕ್ಷ ಕೈಯಿಂದಲೇ. ಪ್ರೀಮಿಯಂ ಕಟ್ಟಲಾಗದ 70 ದಾಟಿದವರಿಗೆ ಆಯುಷ್ಮಾನ್ ಭಾರತ್ ಕಾರ್ಡನ್ನೇ ಮೊದಲು ತೋರಿಸಿ.