ಒಂದು ಜ್ವಾಲಾಮುಖಿಯಲ್ಲಿ ಕಲಿತ ಮಾಡೆಲ್ ಇನ್ನೊಂದರಲ್ಲಿ ಯಾಕೆ ಎಡವುತ್ತದೆ?

ಒಂದು ಜ್ವಾಲಾಮುಖಿಯ ಕಂಪನಗಳನ್ನು ಚೆನ್ನಾಗಿ ಗುರುತಿಸುವ ನಿಮ್ಮ ಮಾಡೆಲ್ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ), ಇನ್ನೊಂದರ ಡೇಟಾ ಕೊಟ್ಟರೆ ಎಡವುತ್ತದೆ ಅಂದಿದ್ದೀರಿ. ಕೋಡ್‌ನಲ್ಲೇ ತಪ್ಪಿರಬೇಕು ಅಂತೇನಿಲ್ಲ.

ಉಪಕರಣಕ್ಕೆ ತಲುಪುವ ಅಲೆಯಲ್ಲಿ ಅದು ಹುಟ್ಟಿದ ಜಾಗದ ಜೊತೆ ಹಾದು ಬಂದ ದಾರಿಯ ಗುರುತೂ ಇರುತ್ತದೆ; ಆ ದಾರಿ ಒಂದೊಂದು ಜ್ವಾಲಾಮುಖಿಯಲ್ಲಿ ಒಂದೊಂದು ಥರ. ಬಂಡೆ ಬಿರುಕು ಬಿಟ್ಟಾಗಿನ ಕಂಪನದಲ್ಲಿ ಹೆಚ್ಚಿನ ಆವರ್ತನಗಳು (ಸೆಕೆಂಡಿಗೆ ಹೆಚ್ಚು ಸಲ ಅದುರುವ ಅಲೆಗಳು) ಜಾಸ್ತಿ. ಒಳಗಿನ ದ್ರವ, ಅನಿಲಗಳಿಂದ ಬರುವ, ನಿಧಾನವಾಗಿ ಅದುರುವ "ದೀರ್ಘಾವಧಿ" ಕಂಪನ ಸುಮಾರು 0.5ರಿಂದ 5 ಹರ್ಟ್ಸ್ ಒಳಗಿರುತ್ತದೆ. ಆದರೆ ಸಡಿಲ ಬೂದಿಯ ಪದರಗಳು ಹೆಚ್ಚಿನ ಆವರ್ತನವನ್ನು ನುಂಗಿಬಿಡುತ್ತವೆ. ಹಾಗಾಗಿ ದೂರದ ಉಪಕರಣದಲ್ಲಿ ಬಂಡೆ ಬಿರುಕಿನ ಕಂಪನವೂ ದೀರ್ಘಾವಧಿ ಕಂಪನದ ಹಾಗೇ ಕಾಣಬಹುದು. ಮಾಡೆಲ್ ಮೋಸ ಹೋಗುವುದು ಸಹಜ, ಅಲ್ವಾ?

ಮೊದಲು ಇದನ್ನು ನೋಡಿ: ಡೇಟಾವನ್ನು ಸುಮ್ನೆ ಕಲಸಿ ತರಬೇತಿಗೆ, ಪರೀಕ್ಷೆಗೆ ಅಂತ ಹಂಚಿದಿರಾ? ಒಂದೇ ದಿನದ ಕಂಪನಗಳು ಅನೇಕ ಸಲ ಅವಳಿಗಳಂತಿರುತ್ತವೆ. ಎರಡೂ ಕಡೆ ಹೋದರೆ ಮಾಡೆಲ್ ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಕಾಲದ ಪ್ರಕಾರ ಹಂಚಿ. ಆಮೇಲೆ ಹೊಸ ಜ್ವಾಲಾಮುಖಿಯ ಒಂದಿಷ್ಟು ಕಂಪನಗಳಿಗೆ ಕೈಯಾರೆ ಹೆಸರು ಕೊಟ್ಟು, ಮಾಡೆಲ್‌ನ ಕೊನೆಯ ಪದರಗಳಿಗೆ (ತೀರ್ಮಾನ ಹೇಳುವ ಭಾಗಕ್ಕೆ) ಮಾತ್ರ ಮರುತರಬೇತಿ ಕೊಡಿ.

ಸ್ಫೋಟವನ್ನೇ ಮುಂಚಿತವಾಗಿ ಹೇಳಬೇಕು ಅನ್ನುವುದು ಇನ್ನೂ ಕಷ್ಟ. ನ್ಯೂಜಿಲೆಂಡ್‌ನ ವಾಕಾರಿ ಜ್ವಾಲಾಮುಖಿಯಲ್ಲಿ 2019ರ ಡಿಸೆಂಬರ್ 9ರ ಸ್ಫೋಟಕ್ಕೆ 22 ಜನ ಬಲಿಯಾದರು. ನಂತರ ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ಕಂಪನ ದಾಖಲೆಗಳ ಮೇಲೆ ಮಾಡೆಲ್ ಕಟ್ಟಿದಾಗ, ಕಲಿಯಲು ಸಿಕ್ಕ ಸ್ಫೋಟಗಳು ಬೆರಳೆಣಿಕೆಯಷ್ಟೇ. ಇಂಥ ಕಡೆ ನಿಖರತೆಯ ಅಂಕಿ ನಂಬಬೇಡಿ. ಸದಾ "ಸ್ಫೋಟ ಇಲ್ಲ" ಅನ್ನುವ ಮಾಡೆಲ್‌ಗೂ ಹೆಚ್ಚುಕಡಿಮೆ ಪೂರ್ತಿ ಅಂಕ ಸಿಗುತ್ತದೆ. ಎಷ್ಟು ಸ್ಫೋಟ ತಪ್ಪಿಹೋಯಿತು, ಎಷ್ಟು ಸುಳ್ಳು ಎಚ್ಚರಿಕೆ ಬಂತು, ಅದನ್ನು ಎಣಿಸಿ.