ಕೋರ್ಸ್ ಆಮೇಲೆ, ಮೊದಲು ಒಂದು ಬೆಳೆ ಹಿಡಿಯಿರಿ

ಕೃಷಿ ಮಾರುಕಟ್ಟೆಯ ಅಧ್ಯಯನ, ವರದಿಗಾರಿಕೆ ಕಲಿಯಲು ಯಾವ ಕೋರ್ಸ್ ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಹೊರಟವಳು. ಕೋರ್ಸ್ ಈಗ ಬೇಡ. ಒಂದೇ ಬೆಳೆ, ಒಂದೇ ಮಾರುಕಟ್ಟೆಯನ್ನು ಇಡೀ ಹಂಗಾಮು ಬಿಡದೆ ಹಿಂಬಾಲಿಸಿ.

ಆವಕ (ಮಾರುಕಟ್ಟೆಗೆ ಬಂದ ಮಾಲು) ಎಷ್ಟು, ಮಾರಾಟವಾಗದೆ ಉಳಿದದ್ದೆಷ್ಟು, ಕನಿಷ್ಠ ದರ, ಗರಿಷ್ಠ ದರ, ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು, ಇವನ್ನು ದಿನವೂ ಬರೆದಿಡಿ. ಹೆಚ್ಚಿನ ಮಾಲು ಹೋದ ದರವೇ ಆ ದಿನದ ನಿಜವಾದ ದರ. ಗರಿಷ್ಠ ದರ ಎರಡೇ ಚೀಲಕ್ಕೆ ಸಿಕ್ಕಿರಬಹುದು. ಅದನ್ನೇ ತಲೆಬರಹ ಮಾಡಿದರೆ, ನಂಬಿದ ರೈತ ಲಾರಿ ಬಾಡಿಗೆ ಕೊಟ್ಟು ಮಾಲು ತರುತ್ತಾನೆ.

ವರದಿಯನ್ನು ಬುಡಸಮೇತ ಕೆಡಿಸುವುದು ಮಾತ್ರ ತೇವಾಂಶ. ಶೇ 18 ತೇವಾಂಶದ 100 ಕಿಲೋ ಮೆಕ್ಕೆಜೋಳದಲ್ಲಿ ನೀರು ಬಿಟ್ಟರೆ ಉಳಿಯುವುದು 82 ಕಿಲೋ. ಅದು ಶೇ 14ಕ್ಕೆ ಒಣಗಿದಾಗ ತೂಕ 82 ಭಾಗಿಸು 0.86, ಅಂದರೆ ಸುಮಾರು 95.3 ಕಿಲೋ. ಹಸಿ ಮಾಲಿನ ದರ 100 ಇದ್ದರೆ ಒಣ ಮಾಲಿನ ಲೆಕ್ಕದಲ್ಲಿ ಅದು ಹತ್ತಿರಹತ್ತಿರ 105. ಒಣಗಿಸುವ ಖರ್ಚು ಬೇರೆ. ನಿನ್ನೆ ಒಣ ಮಾಲು 105ಕ್ಕೆ, ಇಂದು ಹಸಿ ಮಾಲು 100ಕ್ಕೆ ಹೋದರೆ ‘ಬೆಲೆ ಕುಸಿತ’ ಎಂದು ಬರೆಯುವಂತಿಲ್ಲ. ಕೊಯ್ಲಿನ ಶುರುವಿಗೆ ಹಸಿ ಮಾಲೇ ಹೆಚ್ಚು, ಕೊನೆಗೆ ಒಣ ಮಾಲು. ಹಾಗಾಗಿ ತೇವಾಂಶ ಬರೆದಿಡದವರ ಪಟ್ಟಿಯಲ್ಲಿ ಹಂಗಾಮಿನುದ್ದಕ್ಕೂ ದರ ಏರಿದಂತೆ ಕಾಣುತ್ತದೆ, ಅದಕ್ಕೊಂದು ಸುಳ್ಳು ಕಾರಣವೂ ಹುಟ್ಟಿಕೊಳ್ಳುತ್ತದೆ. ಇದು ನನಗೆ ತಡವಾಗಿ ತಿಳಿದ ಸಂಗತಿ.

ವ್ಯಾಪಾರಿಯನ್ನು ‘ಮಾರ್ಕೆಟ್ ಹೇಗಿದೆ’ ಎಂದು ಕೇಳಬೇಡಿ, ‘ಪರವಾಗಿಲ್ಲ’ ಅನ್ನುತ್ತಾರೆ. ಕೊನೆಯ ಖರೀದಿ ಎಷ್ಟು ಚೀಲ, ಯಾವ ದರ, ತೇವಾಂಶ ಎಷ್ಟು, ಹಮಾಲಿ, ಸಾಗಣೆ ಯಾರ ಮೇಲೆ ಎಂದು ಕೇಳಿ. ಅದನ್ನೇ ಮಾರಿದವರ ಹತ್ತಿರವೂ ಪ್ರತ್ಯೇಕವಾಗಿ ಕೇಳಿ. ಎರಡು ಉತ್ತರ ಹೊಂದದಿದ್ದರೆ ಸಾಮಾನ್ಯವಾಗಿ ಕಡಿತಗಳಲ್ಲೇ ವ್ಯತ್ಯಾಸವಿರುತ್ತದೆ.

ಹೊರಗಿನ ಅಂಕಿಗಳು ಇದಾದ ಮೇಲೆ. ಷಿಕಾಗೊ ವಾಯಿದಾ ದರ (ಮುಂದೆ ಕೊಡುವ ಮಾಲಿಗೆ ಈಗಲೇ ಗೊತ್ತುಮಾಡುವ ದರ) ಬುಶೆಲ್ ಎಂಬ ಅಳತೆಯ ಲೆಕ್ಕದ್ದು. ಒಂದು ಬುಶೆಲ್ ಅಂದರೆ ಮೆಕ್ಕೆಜೋಳಕ್ಕೆ 25.4 ಕಿಲೋ, ಗೋಧಿ ಮತ್ತು ಸೋಯಾಕ್ಕೆ 27.2 ಕಿಲೋ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ. ಅಮೆರಿಕದ ಕೃಷಿ ಇಲಾಖೆ ತಿಂಗಳಿಗೊಮ್ಮೆ ಕೊಡುವ ಬೇಡಿಕೆ–ಪೂರೈಕೆ ಅಂದಾಜಿನಲ್ಲಿ ಮೊದಲು ಬೆಳೆಯ ಮಾರುಕಟ್ಟೆ ವರ್ಷದ ಕೊನೆಗೆ ಉಳಿಯುವ ದಾಸ್ತಾನು ನೋಡಿ, ಹಿಂದಿನ ತಿಂಗಳ ಅಂದಾಜಿನ ಜೊತೆ ಹೋಲಿಸಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಹಾರ ಬೆಲೆ ಸೂಚ್ಯಂಕ 2014–16ರ ಸರಾಸರಿಯನ್ನು 100 ಎಂದಿಟ್ಟುಕೊಂಡದ್ದು, ಅದರಲ್ಲಿ ಧಾನ್ಯ, ಎಣ್ಣೆ, ಹಾಲು, ಮಾಂಸ, ಸಕ್ಕರೆ ಎಲ್ಲ ಸೇರಿವೆ. ನೀವು ಮೆಕ್ಕೆಜೋಳದ ಬಗ್ಗೆ ಬರೆಯುವಾಗ ಒಟ್ಟು ಸೂಚ್ಯಂಕ ಬಿಟ್ಟು ಧಾನ್ಯದ ಉಪಸೂಚ್ಯಂಕ ತೆಗೆದುಕೊಳ್ಳಿ.