ನಿಂತ ರೈಲನ್ನು ಓಡಿಸಬೇಡಿ

ನಮಸ್ಕಾರ.

ಹಿಟ್ಲರನ ಯುದ್ಧಕಾಲದ ರೈಲಿನ ಮೇಲೆ ನೀವು ಬರೆದ ‘ಸುರಂಗದ ಬಾಯಲ್ಲಿ’ ಕತೆ ಓದಿದೆ. ಭಾಷೆ ಹಿಡಿತದಲ್ಲಿದೆ, ಊಟದ ಬೋಗಿಯ ಪರಿಚಾರಕನ ಪಾತ್ರ ಚೆನ್ನಾಗಿ ಬಂದಿದೆ. ಆದರೆ ಮೂರನೇ ಪುಟ ನನ್ನ ನಿದ್ದೆ ಕೆಡಿಸಿತು. ಉಳಿದದ್ದರ ಮಾತು ಈಗ ಬೇಡ.

‘ಗಾಳಿಯಂತೆ ಧಾವಿಸುತ್ತಿದ್ದ ರೈಲಿನಿಂದಲೇ ಹಿಟ್ಲರ್ ಫೋನೆತ್ತಿ ಯುಗೊಸ್ಲಾವಿಯದಲ್ಲಿದ್ದ ಸೇನಾನಿಯನ್ನು ಗದರಿದ.’

ಫೋನಿನ ತಂತಿ ಎಲ್ಲಿತ್ತು ಸ್ವಾಮಿ? ಆ ರೈಲು ಎಲ್ಲಾದರೂ ನಿಂತ ಮೇಲೆ, ಬೋಗಿಯಿಂದ ಕೇಬಲ್ ಎಳೆದು ಅಲ್ಲಿಯ ಲೈನಿಗೆ ಜೋಡಿಸಿದರೆ ಮಾತ್ರ ಫೋನು. ತಂತಿಯ ಮೇಲೆ ಅಕ್ಷರ ಕಳಿಸುವ ಟೆಲಿಪ್ರಿಂಟರ್‌ಗೂ ಅದೇ ಪಾಡು. ಓಡುವಾಗ ಉಳಿಯುವುದು ವೈರ್‌ಲೆಸ್ ಒಂದೇ: ಸಂದೇಶವನ್ನು ಸಂಕೇತಕ್ಕೆ ಇಳಿಸಬೇಕು, ಕಳಿಸಬೇಕು, ಆಚೆಯವರು ಬಿಡಿಸಿಕೊಳ್ಳಬೇಕು. ಅದರಲ್ಲಿ ಯಾರನ್ನೂ ಗದರಲಾಗದು. ಇಂಥ ರೈಲು ಮುಖ್ಯ ಕಚೇರಿಯಾಗುವುದು ನಿಂತಾಗ. ನಿಮ್ಮ ಕತೆ ನಡೆಯುವ ದಿನಗಳನ್ನೇ ನೋಡಿ: 1941ರ ಏಪ್ರಿಲ್ 12ರಿಂದ 25ರವರೆಗೆ ಅದು ಆಸ್ಟ್ರಿಯದ ಮ್ಯೋನಿಷ್‌ಕಿರ್ಷೆನ್‌ನಲ್ಲಿ, ವಿಮಾನ ಬಂದರೆ ಒಳಹೊಕ್ಕು ಅಡಗಲೆಂದು ಸುರಂಗದ ಪಕ್ಕದಲ್ಲಿ ಬೀಡುಬಿಟ್ಟಿತ್ತು. ಹಿಟ್ಲರನ 52ನೇ ಹುಟ್ಟುಹಬ್ಬ ಆದದ್ದೂ ಅಲ್ಲೇ. ಅಂದಹಾಗೆ, ನೀವು ರೈಲನ್ನು ‘ಬ್ರಾಂಡೆನ್‌ಬರ್ಗ್’ ಎಂದು ಕರೆದಿದ್ದೀರಿ. ಆಗ ಅದರ ಹೆಸರು ‘ಅಮೆರಿಕ’! ಆ ದೇಶದ ಮೇಲೇ ಯುದ್ಧ ಸಾರಿದ ಮೇಲೆ, 1943ರಲ್ಲಿ ಹೆಸರು ಬದಲಾಯಿತು.

ನಿಂತ ಮಾತ್ರಕ್ಕೆ ಎಲ್ಲ ಸಲೀಸು ಎಂದೂ ಅಲ್ಲ. 1944ರ ಜೂನ್ ಮೊದಲ ವಾರ, ಫ್ರಾನ್ಸಿನ ನಾರ್ಮಂಡಿ ಮೇಲಿನ ದಾಳಿಗೆ ಮುಂಚೆ, ಬ್ರಿಟನ್ ಪ್ರಧಾನಿ ಚರ್ಚಿಲ್ ರೈಲು ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಡ್ರಾಕ್ಸ್‌ಫರ್ಡ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿಂತಿತ್ತು. ಇದ್ದದ್ದು ಒಂದು ಫೋನು, ಒಂದು ಸ್ನಾನದ ಕೋಣೆ. ಚರ್ಚಿಲ್ ಸದಾ ಸ್ನಾನದಲ್ಲಿ, ಅವರ ಸೇನಾ ಸಹಾಯಕ ಜನರಲ್ ಇಸ್ಮೆ ಸದಾ ಫೋನಿನಲ್ಲಿ ಎಂದು ವಿದೇಶಾಂಗ ಸಚಿವ ಈಡನ್ ಆಮೇಲೆ ನೆನೆಸಿಕೊಂಡರು.

ಇನ್ನು ಇದು: ‘ಸೈರನ್ ಕೂಗಿತು. ಚಾಲಕ ಬಾಯ್ಲರಿಗೆ ಬೆಂಕಿ ಹಚ್ಚಿದ. ಕ್ಷಣಾರ್ಧದಲ್ಲಿ ರೈಲು ಸುರಂಗ ಹೊಕ್ಕಿತು.’

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ನನ್ನ ಒಂದೊಂದು ಕ್ರಿಯಾಪದದ ಕೆಳಗೂ ಕೆಂಪು ಶಾಯಿಯಲ್ಲಿ ‘ಹೇಗೆ?’ ಎಂದು ಬರೆಯುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಇವತ್ತು ನಿಮ್ಮ ‘ಹೊಕ್ಕಿತು’ ಕೆಳಗೆ ನಾನೂ ಅದನ್ನೇ ಬರೆದಿದ್ದೇನೆ.

ತಣ್ಣಗಿರುವ ಉಗಿ ಎಂಜಿನ್‌ಗೆ ಬೆಂಕಿ ಹಚ್ಚಿದರೆ ಎಳೆಯುವಷ್ಟು ಒತ್ತಡ ಏರಲು ಗಂಟೆಗಟ್ಟಲೆ ಬೇಕು. ಅವಸರ ಮಾಡಿದರೆ ತಗಡು ಒಂದು ಕಡೆ, ಕೊಳವೆ ಒಂದು ಕಡೆ ಹಿಗ್ಗಿ, ಕೂಡುವ ಜಾಗದಲ್ಲಿ ಸೋರತೊಡಗುತ್ತದೆ. ಅದಕ್ಕೇ ಮ್ಯೋನಿಷ್‌ಕಿರ್ಷೆನ್‌ನಲ್ಲಿ ಎಂಜಿನ್ ಹಗಲೂ ರಾತ್ರಿ ಉಗಿ ಕಟ್ಟಿಕೊಂಡೇ ನಿಂತಿತ್ತು. ಹಾಗೆ ನಿಲ್ಲಿಸುವುದೂ ಒಂದು ಕೆಲಸ. ಕೆಂಡವನ್ನು ಒಲೆಬಾಗಿಲ ಕಡೆಗೆ ಒತ್ತರಿಸಿ, ಮೇಲೆ ಹೊಸ ಕಲ್ಲಿದ್ದಲು ಮುಚ್ಚಿ, ಗಾಳಿ ಬರುವ ಕಿಂಡಿಯ ಬಾಗಿಲನ್ನು, ಅಂದರೆ ಡ್ಯಾಂಪರನ್ನು, ಮುಚ್ಚಬೇಕು. ನೀರಿನ ಮಟ್ಟ ತೋರಿಸುವ ಗಾಜಿನ ಮೇಲೆ ಕಣ್ಣಿಟ್ಟು ಆಗಾಗ ಇಂಜೆಕ್ಟರಿನಿಂದ ಬಾಯ್ಲರಿಗೆ ನೀರೂಡಬೇಕು. ಕಲ್ಲಿದ್ದಲು ಒಮ್ಮೆಲೇ ಜಾಸ್ತಿ ಸುರಿದರೆ ಕಪ್ಪು ಹೊಗೆ ಏಳುತ್ತದೆ, ಮೇಲಿನ ವಿಮಾನಕ್ಕೆ ನಾವೇ ಕೈಬೀಸಿ ಕರೆದಂತೆ.

ಸುರಂಗಕ್ಕೆ ಹೊರಡುವ ಮೊದಲು ಇನ್ನೊಂದು ಕೆಲಸವಿದೆ, ಫೋನಿನ ಕೇಬಲ್ ಕಳಚುವುದು. ಅಂದರೆ ಮೇಲೆ ವಿಮಾನ ಬಂದ ಗಳಿಗೆಯಲ್ಲೇ ಸೇನೆಯ ಮುಖ್ಯ ಕಚೇರಿಗೆ ಬಾಯಿ ಕಟ್ಟುತ್ತದೆ. ಕಳಚದೆ ಎಳೆದರೆ ತಂತಿ ಹರಿಯುತ್ತದೆ. ಇಷ್ಟು ಬಿಗಿಯಾದ ಗಳಿಗೆ ಕೈಗೆ ಸಿಕ್ಕಿದ್ದಾಗ ನೀವು ‘ಕ್ಷಣಾರ್ಧ’ ಎಂದು ಬರೆದು ದಾಟಿಬಿಟ್ಟಿದ್ದೀರಿ!

ಪರಿಚಾರಕ ಹಾಗೇ ಇರಲಿ. ಹಳಿಯ ಪಕ್ಕ ಮಂಡಿಯೂರಿ ಕೇಬಲ್ ಬಿಚ್ಚುವ ಸೈನಿಕನೊಬ್ಬನನ್ನು ತನ್ನಿ, ಅವನ ಬೆರಳು ಚಳಿಗೆ ಮರಗಟ್ಟಿರಲಿ. ಒಳಗೆ ಯಾರೋ ಇನ್ನೂ ಫೋನಿನಲ್ಲಿ ಮಾತಾಡುತ್ತಿರಲಿ. ಮೂರನೇ ಪುಟ ಮಾತ್ರ ತಿದ್ದಿ ಕಳಿಸಿ.